ಯಕೃತ್ತನ್ನು ಕಾಯುವ ಎಣ್ಣೆಗಳು: ಅಳತೆಯ ಬಗ್ಗೆ ಒಂದು ತಕರಾರು

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು ಓದುಗರಲ್ಲಿ ಹಲವರು ನೋಡಿರಬಹುದು. ಸುಮಾರು 54 ಎಕರೆಯ ಈ ತೋಪನ್ನು 2007ರಲ್ಲಿ ಜೀವವೈವಿಧ್ಯ ಕಾಯಿದೆಯ ಅಡಿಯಲ್ಲಿ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿ ಈ ಮನ್ನಣೆ ಪಡೆದ ಮೊದಲ ತಾಣ ಇದು. ಆ ಸುತ್ತಿನ ಒಂದು ಪ್ರೌಢಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ತೋಪಿನ ಬಗ್ಗೆ ಮಕ್ಕಳು ಮಾಡಿದ್ದ ಮಾದರಿಯ ಪಕ್ಕದಲ್ಲಿ ಒಂದು ಚಾರ್ಟ್ ಇತ್ತು: 'ಹುಣಸೆ ಬೀಜದ ಎಣ್ಣೆ ಯಕೃತ್ತನ್ನು ರಕ್ಷಿಸುತ್ತದೆ. ವಿಜ್ಞಾನಿಗಳಿಂದ ಸಾಬೀತು.' ಕೆಳಗೆ ಸ್ತಂಭಾಲೇಖ, ಅದರ ಮುಂದೆ ಒಂದು ಪುಟ್ಟ ಸೀಸೆಯಲ್ಲಿ ಎರಡು ಚಮಚದಷ್ಟು ಹೊಂಬಣ್ಣದ ಎಣ್ಣೆ. ಬೀಜದ ಪುಡಿಯನ್ನು ದ್ರಾವಕದಲ್ಲಿ ನೆನೆಸಿ, ಸೋಸಿ, ದ್ರಾವಕವನ್ನು ಆರಲು ಬಿಟ್ಟು ತೆಗೆದದ್ದಂತೆ.

ವಿವರಣೆ ಕೊಡುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿ ಕೊನೆಯಲ್ಲಿ ದನಿ ತಗ್ಗಿಸಿ ಕೇಳಿದಳು: "ಸಾರ್, ನಮ್ಮ ತಾತನಿಗೆ ಕಾಮಾಲೆ ಆಗಿದೆ. ಇದನ್ನ ದಿನಕ್ಕೆ ಎಷ್ಟು ಚಮಚ ಕೊಡಬಹುದು?"

ಕೊಡಬೇಡ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಮನೆಯವರಿಗೆ ಹೇಳು ಎಂದೆ. "ಗ್ರಾಫಿನಲ್ಲಿ ಕಡಿಮೆ ಆಗಿದೆಯಲ್ಲ ಸಾರ್?" ಎಂದಳು. ಪ್ರಶ್ನೆ ನ್ಯಾಯವಾದದ್ದೇ. ನಾನು ಭೌತವಿಜ್ಞಾನದವನು, ವೈದ್ಯನಲ್ಲ. ಆದರೆ ಗ್ರಾಫಿನಲ್ಲಿ ಏನು ಕಡಿಮೆಯಾಯಿತು, ಅದನ್ನು ಹೇಗೆ ಅಳೆದರು, ಎಂದು ಕೇಳುವುದು ನಮ್ಮ ಕಸುಬೂ ಹೌದು. ಆ ಕುತೂಹಲದಿಂದ 'ಯಕೃತ್ ರಕ್ಷಕ' ಎಂಬ ವಿಶೇಷಣ ಹೊತ್ತ ಸಂಶೋಧನಾ ಪ್ರಬಂಧಗಳನ್ನು ಓದುತ್ತ ಹೋದೆ. ಅವುಗಳ ಬಗ್ಗೆ ನನ್ನ ತಕರಾರು ಇಲ್ಲಿದೆ.

ಮೊದಲು ಚಾರ್ಟಿನ ವಿಷಯ. ಹುಣಸೆ ಮತ್ತು ಯಕೃತ್ತಿನ ಬಗ್ಗೆ 2007ರಲ್ಲೇ, ಅಂದರೆ ನಲ್ಲೂರಿನ ತೋಪಿಗೆ ಮನ್ನಣೆ ಸಿಕ್ಕ ವರ್ಷವೇ, ಭಾರತದ ಒಂದು ಔಷಧ ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಗಿದೆ. ಪ್ಯಾರಾಸಿಟಮಾಲ್‌ನಿಂದ ಯಕೃತ್ತು ಕೆಟ್ಟ ಇಲಿಗಳಿಗೆ ಹುಣಸೆಯ ಹಣ್ಣು, ಎಲೆ ಮತ್ತು ಹುರಿಯದ ಬೀಜಗಳ ಸಾರವನ್ನು ಒಂಬತ್ತು ದಿನ ಕೊಟ್ಟು ನೋಡಿದ ಕೆಲಸ ಅದು. ಗಮನಿಸಿ, ಅದು ನೀರಿನಲ್ಲಿ ತೆಗೆದ ಸಾರ. ಬೀಜದಲ್ಲಿ ನೀರಿಗೆ ಬರುವ ಪದಾರ್ಥಗಳೇ ಬೇರೆ, ಎಣ್ಣೆಗೆ ಬರುವವೇ ಬೇರೆ. ಸಾರವು ಚಾರ್ಟಿಗೆ ಬರುವಷ್ಟರಲ್ಲಿ ಎಣ್ಣೆಯಾಗಿತ್ತು. ಮಕ್ಕಳನ್ನು ದೂರುವಂತಿಲ್ಲ, ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ಇದೇ ನಡೆಯುತ್ತದೆ.

'ಎಣ್ಣೆ' ಎಂಬ ಮಾತೇ ಸಡಿಲವಾದದ್ದು. ಗಾಣದಲ್ಲಿ ತೆಗೆದ ಎಳ್ಳೆಣ್ಣೆ, ಹರಳೆಣ್ಣೆ, ಬೇವಿನೆಣ್ಣೆಗಳು ಬಹುಪಾಲು ಮೇದಾಮ್ಲಗಳ ಗ್ಲಿಸರೈಡುಗಳು. ನೀಲಗಿರಿ, ಲವಂಗ, ನಿಂಬೆಹುಲ್ಲುಗಳ ಎಣ್ಣೆ ಹಬೆಯೊಡನೆ ಬಟ್ಟಿ ಇಳಿಸಿದ್ದು. ಕಾಗದದ ಮೇಲೆ ಹನಿ ಹಾಕಿದರೆ ಕಲೆ ಉಳಿಸದೆ ಹಾರಿಹೋಗುತ್ತದೆ. ಆಯುರ್ವೇದದ ತೈಲ ಇನ್ನೊಂದು ಬಗೆ, ಎಳ್ಳೆಣ್ಣೆಯಲ್ಲಿ ಕಷಾಯ ಮತ್ತು ಕಲ್ಕ ಹಾಕಿ ಕುದಿಸಿದ್ದು. ಒಂದರ ಫಲಿತಾಂಶವನ್ನು ಮತ್ತೊಂದಕ್ಕೆ ಅಂಟಿಸುವಂತಿಲ್ಲ.

ವಿಷ ಕೊಟ್ಟು ಕಾಪಾಡುವ ಪ್ರಯೋಗ

ಇಂಥ ಪ್ರಬಂಧಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಆರಾರು ಬಿಳಿ ಇಲಿಗಳ ನಾಲ್ಕೈದು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಏನೂ ಇಲ್ಲ. ಒಂದಕ್ಕೆ ವಿಷ ಮಾತ್ರ. ಉಳಿದವಕ್ಕೆ ಕೆಲವು ದಿನ ಎಣ್ಣೆ ಅಥವಾ ಸಾರ ಕೊಟ್ಟು ಆಮೇಲೆ ವಿಷ. ಕೊನೆಯ ಗುಂಪಿಗೆ 'ಸಿಲಿಮರಿನ್' ಎಂಬ ಮಾನಕ ಔಷಧ ಮತ್ತು ವಿಷ. ಅನಂತರ ರಕ್ತದಲ್ಲಿ ಕೆಲವು ಕಿಣ್ವಗಳನ್ನು ಅಳೆಯುತ್ತಾರೆ.

ವಿಷವಾಗಿ ಬಹಳ ಸಲ ಬಳಕೆಯಾಗುವುದು ಕಾರ್ಬನ್ ಟೆಟ್ರಾಕ್ಲೋರೈಡ್. ಹಿಂದೆ ಬೆಂಕಿ ಆರಿಸುವ ಸಾಧನಗಳಲ್ಲೂ ಡ್ರೈಕ್ಲೀನಿಂಗ್‌ನಲ್ಲೂ ಇದ್ದ ದ್ರವ ಅದು. ಕುತೂಹಲದ ಸಂಗತಿಯೆಂದರೆ, ಹಾನಿ ಮಾಡುವುದು ಈ ಅಣು ನೇರವಾಗಿ ಅಲ್ಲ. ಯಕೃತ್ತಿನ ಜೀವಕೋಶಗಳಲ್ಲಿ ಸಿವೈಪಿ 2ಇ1 ಎಂಬ ಕಿಣ್ವವಿದೆ. ಹೊರಗಿನಿಂದ ಬಂದ ರಾಸಾಯನಿಕಗಳನ್ನು ಒಡೆದು ಸಾಗಿಸುವುದು ಅದರ ಕೆಲಸ. ಅದು ಈ ಅಣುವಿನಿಂದ ಒಂದು ಕ್ಲೋರಿನ್ ಪರಮಾಣುವನ್ನು ಕಿತ್ತಾಗ ಉಳಿಯುವ ತುಣುಕಿನಲ್ಲಿ ಒಂಟಿ ಎಲೆಕ್ಟ್ರಾನ್ ಇರುತ್ತದೆ. ಇಂಥ ಫ್ರೀ ರ‍್ಯಾಡಿಕಲ್ ಆಮ್ಲಜನಕದೊಡನೆ ಸೇರಿ ಇನ್ನೂ ಉಗ್ರವಾಗಿ, ಕೋಶದ ಪೊರೆಯ ಮೇದಾಮ್ಲಗಳಿಂದ ಹೈಡ್ರೋಜನ್ ಕಸಿದುಕೊಳ್ಳುತ್ತದೆ. ಕಳೆದುಕೊಂಡ ಮೇದಾಮ್ಲ ಪಕ್ಕದ್ದರಿಂದ ಕಸಿಯುತ್ತದೆ. ಹೀಗೆ ಸರಪಣಿ ಕ್ರಿಯೆ ಸಾಗಿ ಪೊರೆ ಹರಿಯುತ್ತದೆ, ಒಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಈ ಸೋರಿಕೆಯನ್ನೇ ಎಎಲ್‌ಟಿ, ಎಎಸ್‌ಟಿ (ಹಳೆಯ ಹೆಸರು ಎಸ್‌ಜಿಪಿಟಿ, ಎಸ್‌ಜಿಒಟಿ) ಎಂದು ಪ್ರಯೋಗಾಲಯದಲ್ಲಿ ಅಳೆಯುವುದು.

ಈಗ ಎಣ್ಣೆ ಕೊಟ್ಟ ಇಲಿಯಲ್ಲಿ ಸೋರಿಕೆ ಕಡಿಮೆಯಾಯಿತು ಎನ್ನೋಣ. ಎಣ್ಣೆ ಯಕೃತ್ತನ್ನು ಬಲಪಡಿಸಿತೇ? ಹಾಗೆ ಆಗಿರಬಹುದು. ಆದರೆ ಬೇರೆ ಎರಡು ದಾರಿಗಳೂ ಇವೆ, ಮತ್ತು ಬಹಳಷ್ಟು ಪ್ರಬಂಧಗಳು ಆ ದಾರಿಗಳನ್ನು ಮುಚ್ಚದೆಯೇ ತೀರ್ಮಾನಕ್ಕೆ ಬರುತ್ತವೆ.

ಮೊದಲ ದಾರಿ ಕಿಣ್ವವನ್ನೇ ತಡೆಯುವುದು. ಬೆಳ್ಳುಳ್ಳಿ ಎಣ್ಣೆ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿರುವ ಡೈಅಲೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತ ಸಿವೈಪಿ 2ಇ1 ಕಿಣ್ವವನ್ನು ಕಟ್ಟಿಹಾಕುತ್ತದೆ. ಇದು ಇಲಿಗಷ್ಟೇ ಸೀಮಿತವಲ್ಲ. 2002ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತರಿಗೆ 28 ದಿನ ಬೆಳ್ಳುಳ್ಳಿ ಎಣ್ಣೆ ಕೊಟ್ಟಾಗ ಈ ಕಿಣ್ವದ ಚಟುವಟಿಕೆ ಶೇ. 39ರಷ್ಟು ತಗ್ಗಿತು. ಕಿಣ್ವ ಕಟ್ಟಿಬಿದ್ದರೆ ಕಾರ್ಬನ್ ಟೆಟ್ರಾಕ್ಲೋರೈಡ್ ಒಡೆಯುವುದಿಲ್ಲ. ಒಡೆಯದಿದ್ದರೆ ವಿಷ ಹುಟ್ಟುವುದಿಲ್ಲ. ರಸಾಯನವಿಜ್ಞಾನವಾಗಿ ಇದು ಸೊಗಸಾದ ಫಲಿತಾಂಶ. ಆದರೆ ಇದನ್ನು 'ಯಕೃತ್ತಿನ ರಕ್ಷಣೆ' ಎಂದು ಕರೆಯುವುದು ಹಚ್ಚುವ ಮೊದಲೇ ಸೌದೆಗೆ ನೀರು ಸುರಿದು, ಬೆಂಕಿ ನಂದಿಸಿದೆ ಎಂದಂತೆ. ವೈರಾಣುವಿನಿಂದಲೋ ಮದ್ಯದಿಂದಲೋ ಕೊಬ್ಬು ತುಂಬಿಯೋ ಈಗಾಗಲೇ ಕೆಟ್ಟಿರುವ ಯಕೃತ್ತಿಗೆ ಇದರಿಂದ ಏನಾಗುತ್ತದೆ ಎಂಬುದನ್ನು ಆ ಪ್ರಯೋಗ ಕೇಳಿಯೇ ಇಲ್ಲ. ರೋಗಿ ನಮ್ಮ ಬಳಿ ಬರುವುದು ಬೆಂಕಿ ಹತ್ತಿದ ಮೇಲೆ.

ಎರಡನೆಯ ದಾರಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ, ಏಕೆಂದರೆ ಇದು ಎಣ್ಣೆಗೇ ಮೀಸಲಾದ ತೊಡಕು. ಕಾರ್ಬನ್ ಟೆಟ್ರಾಕ್ಲೋರೈಡ್ ನೀರಿನಲ್ಲಿ ಅಷ್ಟಾಗಿ ಕರಗದು, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಇಲಿಯ ಹೊಟ್ಟೆಯಲ್ಲಿ ಎಣ್ಣೆಯಿದ್ದು, ಅದೇ ಹೊತ್ತಿಗೆ ಬಾಯಿಯ ಮೂಲಕ ವಿಷ ಕೊಟ್ಟರೆ ವಿಷದ ಬಹುಪಾಲು ಎಣ್ಣೆಯಲ್ಲೇ ಉಳಿದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. 1990ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ನೇರವಾಗಿ ಪರೀಕ್ಷಿಸಿದರು. ಒಂದೇ ಪ್ರಮಾಣದ ವಿಷವನ್ನು ಜೋಳದ ಎಣ್ಣೆಯಲ್ಲಿ ಕಲಸಿ ಕೊಟ್ಟಾಗ, ನೀರಿನಲ್ಲಿ ಅಥವಾ ಹಾಗೆಯೇ ಕೊಟ್ಟಾಗಿಗಿಂತ ಯಕೃತ್ತಿಗಾದ ಹಾನಿ ಕಡಿಮೆಯಿತ್ತು. ಅದು ಅಡುಗೆಗೆ ಬಳಸುವ ಸಾಮಾನ್ಯ ಜೋಳದ ಎಣ್ಣೆ. ಅದಕ್ಕೆ ಯಾವ ಔಷಧೀಯ ಗುಣವನ್ನೂ ಯಾರೂ ಆರೋಪಿಸಿಲ್ಲ. ಆದ್ದರಿಂದ ಔಷಧ ಸಸ್ಯದ ಎಣ್ಣೆಯನ್ನು ಪರೀಕ್ಷಿಸುವವರು ಹೋಲಿಕೆ ಗುಂಪಿಗೆ ಅಷ್ಟೇ ಪ್ರಮಾಣದ ಯಾವುದಾದರೂ ಸಾಧಾರಣ ಎಣ್ಣೆಯನ್ನು ಅಷ್ಟೇ ಹೊತ್ತಿಗೆ ಕೊಡಲೇಬೇಕು. ಬರೀ ಉಪ್ಪುನೀರು ಕೊಟ್ಟರೆ ಸಾಲದು. ಒಂದು ಪ್ರಬಂಧವನ್ನು ಕೈಗೆತ್ತಿಕೊಂಡಾಗ ನಾನು ಈಗ ಮೊದಲು ಹುಡುಕುವುದು ಸಾರಾಂಶವನ್ನಲ್ಲ, ಈ ಒಂದು ಸಾಲನ್ನು.

ಅಂಕಿಗಳನ್ನು ಓದುವ ಬಗೆ

ಭೌತವಿಜ್ಞಾನದ ಅಧ್ಯಾಪಕನಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಫಲಿತಾಂಶಗಳನ್ನು '120 ± 10' ಎಂಬಂತೆ ಬರೆದಿರುತ್ತಾರೆ. ಈ 10 ಎಂಬುದು ಅನೇಕ ಸಲ ಮಾನಕ ವಿಚಲನೆಯಲ್ಲ, ಸರಾಸರಿಯ ಮಾನಕ ದೋಷ. ಆರು ಇಲಿಗಳಿದ್ದರೆ ಮಾನಕ ವಿಚಲನೆ ಅದರ ವರ್ಗಮೂಲ ಆರರಷ್ಟು, ಅಂದರೆ ಸುಮಾರು 24.5. ಇಲಿಯಿಂದ ಇಲಿಗೆ ಇದ್ದ ವ್ಯತ್ಯಾಸ ಅಷ್ಟು ದೊಡ್ಡದು. ಪುಟದ ಮೇಲೆ ಮಾತ್ರ ಸ್ತಂಭದ ತುದಿಯ ಗೆರೆ ಗಿಡ್ಡವಾಗಿ, ಅಳತೆ ಬಹಳ ಖಚಿತವೆಂಬಂತೆ ಕಾಣುತ್ತದೆ. ಇದು ಮೋಸವಲ್ಲ, ಸಂಖ್ಯಾಶಾಸ್ತ್ರದಲ್ಲಿ ಒಪ್ಪಿತವೇ. ಆದರೂ ಪದವಿ ತರಗತಿಯ ಹುಡುಗರು ಲೋಲಕದ ಆವರ್ತ ಕಾಲವನ್ನು ಹೀಗೆ ಬರೆದರೆ ಯಾವುದು ಬರೆದಿದ್ದೀರಿ ಎಂದು ನಾನು ಕೇಳುತ್ತೇನೆ.

ಬೆಳಕಿನ ಅಳತೆಯಲ್ಲೂ ಎಚ್ಚರ ಬೇಕು. ಎಎಲ್‌ಟಿಯನ್ನು ಅಳೆಯುವುದು 340 ನ್ಯಾನೋಮೀಟರ್ ತರಂಗಾಂತರದಲ್ಲಿ ಎನ್‌ಎಡಿಎಚ್ ಎಂಬ ಅಣು ಬೆಳಕು ಹೀರುವುದು ಎಷ್ಟು ಬೇಗ ತಗ್ಗುತ್ತದೆ ಎಂಬುದರಿಂದ. ಇದು ವಿಶ್ವಾಸಾರ್ಹ. ಆದರೆ ಪೊರೆಯ ಹಾನಿಗೆ ಸಾಕ್ಷಿಯಾಗಿ ಕೊಡುವ ಥಯೋಬಾರ್ಬಿಟ್ಯೂರಿಕ್ ಆಮ್ಲದ ಪರೀಕ್ಷೆಯಲ್ಲಿ 532 ನ್ಯಾನೋಮೀಟರ್‌ನ ಬಳಿ ಗುಲಾಬಿ ಬಣ್ಣವನ್ನು ಅಳೆಯುತ್ತಾರೆ. ಕೆಲವು ಸಕ್ಕರೆಗಳೂ ಸಸ್ಯವರ್ಣಕಗಳೂ ಅದೇ ಜಾಗದಲ್ಲಿ ಬೆಳಕು ಹೀರಬಲ್ಲವು. ಇನ್ನು ಸೀಸೆಯಲ್ಲಿ ನೇರಳೆ ದ್ರಾವಣದ ಬಣ್ಣ ಹಾರಿಸಿ 'ಉತ್ಕರ್ಷಣ ನಿರೋಧಕ' ಎಂದು ತೋರಿಸುವ ಡಿಪಿಪಿಎಚ್ ಪರೀಕ್ಷೆ ಇದೆಯಲ್ಲ, ಅದರಲ್ಲಿ ಯಕೃತ್ತೂ ಇಲ್ಲ, ಇಲಿಯೂ ಇಲ್ಲ. ಕಾಫಿ, ಟೀ, ಹುಣಸೆ ಎಲೆ, ಎಲ್ಲವೂ ಅದರಲ್ಲಿ ಪಾಸಾಗುತ್ತವೆ.

ಪ್ರಮಾಣದ ಲೆಕ್ಕವನ್ನು ತರಗತಿಯಲ್ಲೇ ಮಾಡಬಹುದು. 2007ರ ಆ ಕೆಲಸದಲ್ಲಿ ಇಲಿಗೆ ಕೊಟ್ಟ ಎಲೆಯ ಸಾರ ಪ್ರತಿ ಕಿಲೋಗ್ರಾಂ ತೂಕಕ್ಕೆ 350 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ನೇರವಾಗಿ ಗುಣಿಸಿದರೆ 21 ಗ್ರಾಂ. ಹಾಗೆ ಗುಣಿಸುವುದು ತಪ್ಪು. ಚಿಕ್ಕ ಪ್ರಾಣಿಗೆ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ವಿಸ್ತೀರ್ಣ ಹೆಚ್ಚು, ಚಯಾಪಚಯವೂ ಚುರುಕು. ಅದಕ್ಕಾಗಿ ಇಲಿಯ ಪ್ರಮಾಣವನ್ನು ಸುಮಾರು 6.2ರಿಂದ ಭಾಗಿಸುವ ರೂಢಿಯಿದೆ; ಆಗ 3.4 ಗ್ರಾಂ ಆಗುತ್ತದೆ. ಇದೂ ಅಂದಾಜು ಮಾತ್ರ. 'ಎಷ್ಟು ಚಮಚ' ಎಂಬ ಹುಡುಗಿಯ ಪ್ರಶ್ನೆಗೆ ಇಲಿಯ ಗ್ರಾಫಿನಲ್ಲಿ ಉತ್ತರ ಇಲ್ಲ ಎನ್ನುವುದನ್ನು ಈ ಆರು ಪಟ್ಟಿನ ಅಂತರವೇ ತೋರಿಸುತ್ತದೆ.

ಅಳತೆಗೋಲಾಗಿ ಬಳಸುವ ಸಿಲಿಮರಿನ್ ಕೂಡ ಯೂರೋಪಿನ ಒಂದು ಮುಳ್ಳುಗಿಡದ ಬೀಜದ್ದು. ಇಲಿಗಳಲ್ಲಿ ಅದು ಸದಾ ಗೆಲ್ಲುತ್ತದೆ. ಮನುಷ್ಯರಲ್ಲಿ? ಹೆಪಟೈಟಿಸ್ ಸಿ ಇದ್ದ 154 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರೂಢಿಗಿಂತ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೂ, ಅದು ಹುಸಿಮದ್ದಿಗಿಂತ ಮೇಲಾಗಲಿಲ್ಲ. ಅಳತೆಗೋಲೇ ಹೀಗಿರುವಾಗ 'ಸಿಲಿಮರಿನ್‌ಗೆ ಸಮಾನ' ಎಂಬ ವಾಕ್ಯದಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಹಾಗೆಂದು ಗಿಡದಿಂದ ಬಂದದ್ದೆಲ್ಲ ಸುಳ್ಳು ಎನ್ನುವವರ ಗುಂಪಿಗೂ ನಾನು ಸೇರಿದವನಲ್ಲ. ಗೋಧಿಮೊಳಕೆಯ ಎಣ್ಣೆಯಿಂದ ಬೇರ್ಪಡಿಸಿದ ವಿಟಮಿನ್ ಇ ಇದೆ. ಸಸ್ಯಜನ್ಯ ಎಣ್ಣೆಗಳಲ್ಲಿ ಅದು ಸಹಜವಾಗಿ ಇರುತ್ತದೆ. ಮೇಲೆ ಹೇಳಿದ ಸರಪಣಿ ಕ್ರಿಯೆಯನ್ನು ಅದು ಮಧ್ಯದಲ್ಲಿ ಕತ್ತರಿಸುತ್ತದೆ. 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮದ್ಯದಿಂದಲ್ಲದೆ ಕೊಬ್ಬು ತುಂಬಿ ಉರಿಯೂತವಾದ ಯಕೃತ್ತಿನ 247 ಮಂದಿಯನ್ನು ಮೂರು ಗುಂಪು ಮಾಡಿ 96 ವಾರ ಗಮನಿಸಿದರು. ಬಯಾಪ್ಸಿ ಮಾಡಿ ಅಂಗಾಂಶವನ್ನೇ ನೋಡಿದರು. ವಿಟಮಿನ್ ಇ ಪಡೆದವರಲ್ಲಿ ಶೇ. 43 ಮಂದಿಗೆ ಸುಧಾರಣೆ, ಹುಸಿಮದ್ದು ಪಡೆದವರಲ್ಲಿ ಶೇ. 19. ಹುಸಿಮದ್ದಿನಲ್ಲೂ ಐದರಲ್ಲಿ ಒಬ್ಬರು ಸುಧಾರಿಸಿದರು ಎನ್ನುವುದನ್ನು ಗಮನಿಸಿ. ಹೋಲಿಕೆ ಗುಂಪು ಇರದಿದ್ದರೆ ಅವರೂ ಔಷಧದ ಲೆಕ್ಕಕ್ಕೇ ಸೇರುತ್ತಿದ್ದರು. ಕರಿಜೀರಿಗೆ ಎಣ್ಣೆಯ ಥೈಮೋಕ್ವಿನೋನ್ ಇಲಿಗಳ ಮಟ್ಟವನ್ನು ದಾಟಿ ಈಗ ಮನುಷ್ಯರ ಸಣ್ಣ ಪರೀಕ್ಷೆಗಳವರೆಗೆ ಬಂದಿದೆ. ಹೀಗೆ ಒಂದೊಂದೇ ಮೆಟ್ಟಿಲು ಹತ್ತುವುದು ಸರಿಯಾದ ಕ್ರಮ.

ಕಾಯುವ ಮರವೇ ಕೊಂದಾಗ

ನನ್ನ ತಕರಾರಿಗೆ ಬಲವಾದ ಸಾಕ್ಷಿ ನಮ್ಮ ಹಿತ್ತಲ ಬೇವು. ಬೇವಿನ ಎಲೆಯ ನೀರಿನ ಸಾರ ಪ್ಯಾರಾಸಿಟಮಾಲ್ ವಿಷದಿಂದ ಇಲಿಯ ಯಕೃತ್ತನ್ನು ಉಳಿಸಿತೆಂದು 2000ದಲ್ಲಿ ಪ್ರಬಂಧ ಬಂತು. ಅದೇ ಮರದ ಬೀಜದ ಎಣ್ಣೆಯ ಕಥೆ ಬೇರೆ. ಮಲೇಷ್ಯಾದಲ್ಲಿ ನೆಲೆಸಿದ ಭಾರತೀಯ ಕುಟುಂಬಗಳಲ್ಲಿ ಎಳೆ ಮಕ್ಕಳ ಸಣ್ಣಪುಟ್ಟ ಕಾಯಿಲೆಗೆ ಬೇವಿನೆಣ್ಣೆ ಕುಡಿಸುವ ರೂಢಿಯಿತ್ತು. ಹಾಗೆ ಕುಡಿದ ಶಿಶುಗಳು ವಾಂತಿ, ಮಂಪರು, ಫಿಟ್ಸ್ ಬಂದು ಆಸ್ಪತ್ರೆ ಸೇರಿದ್ದನ್ನು 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿತು. ಯಕೃತ್ತಿನಲ್ಲಿ ಕೊಬ್ಬಿನ ಹನಿಗಳು ತುಂಬಿಕೊಂಡಿದ್ದವು. ಸಾವುಗಳೂ ಆಗಿದ್ದವು. ಮರುವರ್ಷ ಮದರಾಸಿನ ಮಕ್ಕಳ ವೈದ್ಯರೂ ಬೇವಿನೆಣ್ಣೆಯ ವಿಷಬಾಧೆಯನ್ನು ವರದಿ ಮಾಡಿದರು. ಮುಂದೆ ಇಲಿಗಳಿಗೆ ಆ ಎಣ್ಣೆ ಕೊಟ್ಟಾಗ ಅವುಗಳ ಯಕೃತ್ತಿನಲ್ಲೂ ಇದೇ ಬಗೆಯ ಕೊಬ್ಬು ಕಂಡಿತು. ಎಲೆ ಕಾಯುತ್ತದೆ, ಬೀಜದೆಣ್ಣೆ ಕೆಡಿಸುತ್ತದೆ. 'ಬೇವು ಯಕೃತ್ತಿಗೆ ಒಳ್ಳೆಯದು' ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ.

ಲವಂಗದೆಣ್ಣೆಯೂ ಹಾಗೆಯೇ. ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುವ ಒಂದು ಹನಿ ಬೇರೆ, ಕುಡಿಯುವುದು ಬೇರೆ. 1993ರಲ್ಲಿ ಬ್ರಿಟನ್ನಿನ ವೈದ್ಯರು ವರದಿ ಮಾಡಿದ ಪ್ರಕರಣದಲ್ಲಿ ಎರಡು ವರ್ಷದ ಮಗುವೊಂದು 5ರಿಂದ 10 ಮಿಲಿಲೀಟರ್ ಕುಡಿದು, ಪ್ರಜ್ಞೆ ತಪ್ಪಿ, ಯಕೃತ್ತು ಕೆಟ್ಟು ಸಾವಿನಂಚಿಗೆ ಹೋಗಿ ಬದುಕಿತು. ಐದು ಮಿಲಿಲೀಟರ್ ಎಂದರೆ ಒಂದು ಟೀ ಚಮಚ.

ಎಣ್ಣೆಯಲ್ಲದಿದ್ದರೂ ಅಮೃತಬಳ್ಳಿಯನ್ನು ಇಲ್ಲಿ ಬಿಡುವಂತಿಲ್ಲ. ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟ ಇಲಿಗಳಲ್ಲಿ ಅದು ಯಕೃತ್ತನ್ನು ಕಾಯುತ್ತದೆಂದು 2002ರಲ್ಲಿ ಪ್ರಕಟವಾಗಿತ್ತು. ಕೋವಿಡ್ ಕಾಲದಲ್ಲಿ ಜನ ಅದನ್ನು ದಿನವೂ ಕುಡಿದರು. 2021ರಲ್ಲಿ ಮುಂಬಯಿಯ ವೈದ್ಯರು ಆರು ಮಂದಿಯಲ್ಲಿ, ಮರುವರ್ಷ ಹಲವು ಕೇಂದ್ರಗಳ ವೈದ್ಯರು ಸೇರಿ 43 ಮಂದಿಯಲ್ಲಿ, ಅದರಿಂದ ಯಕೃತ್ತಿನ ಉರಿಯೂತವಾದದ್ದನ್ನು ದಾಖಲಿಸಿದರು. ಬಳ್ಳಿಯ ಜಾತಿ ಅದಲು ಬದಲಾಗಿರಬಹುದು ಎಂಬ ವಾದವನ್ನು ಆಯುಷ್ ಸಚಿವಾಲಯ ಮುಂದಿಟ್ಟಿತು. ಆ ವಾದ ಕೇಳಬೇಕಾದದ್ದೇ. ಆದರೆ ಕೊಳ್ಳುವವನಿಗೆ ಜಾತಿ ಗುರುತಿಸಲಾಗದಿದ್ದರೆ ಅವನ ಯಕೃತ್ತಿಗೆ ವ್ಯತ್ಯಾಸವೇನು?

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಅವರು ಔಷಧಗಳಿಂದ ಯಕೃತ್ತಿಗಾಗುವ ಹಾನಿಯನ್ನು ವರ್ಷಗಟ್ಟಲೆ ದಾಖಲಿಸಿಕೊಂಡು ಬಂದವರು. ಅವರ ನೇತೃತ್ವದಲ್ಲಿ ದೇಶದ ಹಲವು ಆಸ್ಪತ್ರೆಗಳು ಸೇರಿ 2021ರಲ್ಲಿ ಪ್ರಕಟಿಸಿದ 1288 ರೋಗಿಗಳ ಅಧ್ಯಯನದಲ್ಲಿ ಕ್ಷಯದ ಔಷಧಗಳದ್ದು ದೊಡ್ಡ ಪಾಲು, ಸುಮಾರು ಶೇ. 46. ಆಧುನಿಕ ಔಷಧಗಳು ನಿರಪಾಯಕಾರಿ ಎಂದು ನಾನು ಹೇಳುತ್ತಿಲ್ಲ ಎನ್ನಲು ಈ ಅಂಕಿ ಸಾಕು. ಗಿಡಮೂಲಿಕೆ ಮೊದಲಾದ ಪರ್ಯಾಯ ಔಷಧಗಳ ಪಾಲು ಸುಮಾರು ಶೇ. 14. ಕ್ಷಯದ ಮಾತ್ರೆ ನುಂಗುವವರಿಗೆ ಯಕೃತ್ತಿನ ಪರೀಕ್ಷೆ ಮಾಡಿಸಲು ವೈದ್ಯರು ಹೇಳುತ್ತಾರೆ. ಸೀಸೆಯ ಎಣ್ಣೆ ಕುಡಿಯುವವರಿಗೆ ಹಾಗೆ ಹೇಳುವವರಿಲ್ಲ.

ಕಾಮಾಲೆಯ ಮದ್ದಿಗೆ ಹಳ್ಳಿಗಳಲ್ಲಿ ಇಷ್ಟು ನಂಬಿಕೆ ಏಕೆ ಎಂದರೆ, ಬಹುಪಾಲು ಕಾಮಾಲೆ ತಾನಾಗಿ ವಾಸಿಯಾಗುತ್ತದೆ. 1955-56ರಲ್ಲಿ ದೆಹಲಿಯಲ್ಲಿ ಕುಡಿಯುವ ನೀರು ಕಲುಷಿತಗೊಂಡು 29 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಮಾಲೆಯಾಯಿತು. ಗರ್ಭಿಣಿಯರಲ್ಲಿ ಸಾವು ಹೆಚ್ಚಿತ್ತು; ಉಳಿದವರಲ್ಲಿ ಬಹುತೇಕರು ಗುಣ ಹೊಂದಿದರು. ಅವರೆಲ್ಲ ಯಾವ ಎಲೆ ಅರೆದು ಕುಡಿದಿದ್ದರೂ ಆ ಎಲೆಗೆ ಕೀರ್ತಿ ಬರುತ್ತಿತ್ತು. ನೆಲನೆಲ್ಲಿಯ ವಿಷಯದಲ್ಲಿ ಮದರಾಸಿನ ವಿಜ್ಞಾನಿಗಳು 1988ರಲ್ಲಿ ಹೋಲಿಕೆ ಗುಂಪು ಇಟ್ಟುಕೊಂಡೇ ಪರೀಕ್ಷಿಸಿದರು: ಹೆಪಟೈಟಿಸ್ ಬಿ ವೈರಾಣು ಹೊತ್ತ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮಾಯವಾಯಿತು, ಹುಸಿಮದ್ದಿನ 23ರಲ್ಲಿ ಒಬ್ಬರಿಗೆ ಮಾತ್ರ. ಆಗ ಜಗತ್ತೇ ತಿರುಗಿ ನೋಡಿತು. 1990ರಲ್ಲಿ ಥಾಯ್ಲೆಂಡಿನಲ್ಲಿ ಮತ್ತೆ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ. ಮದರಾಸಿನವರು ಮಾಡಿದ್ದು ತಪ್ಪಲ್ಲ. ಮತ್ತೊಬ್ಬರು ಮಾಡಿ ನೋಡುವಂತೆ ಬರೆದದ್ದೇ ಅವರ ದೊಡ್ಡತನ. ತಮಾಷೆಯೆಂದರೆ ನಮ್ಮ ಅಜ್ಜಿಯರು ಕಾಮಾಲೆ ಬಂದವರಿಗೆ ಎಣ್ಣೆಯ ಜಿಡ್ಡನ್ನೂ ತೋರಿಸುತ್ತಿರಲಿಲ್ಲ. ಯಕೃತ್ತಿಗೆಂದು ಎಣ್ಣೆ ಕುಡಿಸುವುದು ಅವರಿಗೆ ವಿಚಿತ್ರವಾಗಿ ಕಾಣುತ್ತಿತ್ತು.

ಹುಡುಗಿಯ ತಾತನದು ಅಂಥ ತಾನಾಗಿ ವಾಸಿಯಾಗುವ ಕಾಮಾಲೆಯೂ ಆಗಿರಲಿಲ್ಲ. ಎರಡು ವಾರದ ಮೇಲೆ ಅವಳ ವಿಜ್ಞಾನ ಮೇಷ್ಟ್ರು ಫೋನ್ ಮಾಡಿದ್ದರು. ಸ್ಕ್ಯಾನ್‌ನಲ್ಲಿ ಪಿತ್ತನಾಳಕ್ಕೆ ಅಡ್ಡ ನಿಂತ ಕಲ್ಲು ಕಂಡಿತ್ತಂತೆ, ತೆಗೆಸಿದ್ದಾರೆ. ಅಂದಹಾಗೆ, ಇಲಿಗೆ ಪಿತ್ತಕೋಶವೇ ಇಲ್ಲ.

ಮೇಷ್ಟ್ರು ಮುಂದಿನ ಪ್ರದರ್ಶನಕ್ಕೆ ಏನು ಮಾಡಿಸಲಿ ಎಂದು ಕೇಳಿದರು. ಎಣ್ಣೆ ವಿಷವನ್ನು ಹಿಡಿದಿಟ್ಟುಕೊಳ್ಳುವ ಸಂಗತಿಯನ್ನೇ ತೋರಿಸಿ ಎಂದೆ. ಗಾಜಿನ ನಳಿಕೆಯಲ್ಲಿ ಅರ್ಧ ನೀರು, ಅದಕ್ಕೆ ಕೆಲವು ಹನಿ ಟಿಂಚರ್ ಅಯೋಡಿನ್. ಮೇಲೆ ಅಷ್ಟೇ ಕೊಬ್ಬರಿ ಎಣ್ಣೆ ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ ನಿಲ್ಲಿಸಬೇಕು. ನೀರಿನ ಬಣ್ಣ ತೆಳುವಾಗಿ ಎಣ್ಣೆಗೆ ಬಣ್ಣ ಏರುತ್ತದೆ. ಎಣ್ಣೆಯ ಪ್ರಮಾಣವನ್ನು ಕಾಲು, ಅರ್ಧ, ಒಂದು ಪಾಲು ಎಂದು ಬದಲಿಸಿ ನೀರಿನಲ್ಲಿ ಉಳಿದ ಬಣ್ಣವನ್ನು ಹೋಲಿಸಿ ಗ್ರಾಫ್ ಬರೆಯಬಹುದು. ಚಳಿಗಾಲದಲ್ಲಾದರೆ ಎಣ್ಣೆ ಹೆಪ್ಪುಗಟ್ಟದಂತೆ ಬೆಚ್ಚಗಿನ ನೀರಿನಲ್ಲಿ ನಳಿಕೆಯನ್ನು ಇಟ್ಟುಕೊಳ್ಳಬೇಕು. ಕಡಲೆಕಾಯಿ ಎಣ್ಣೆ ಬೇಡ. ಅದರ ದ್ವಿಬಂಧಗಳು ಅಯೋಡಿನ್ನನ್ನು ನಿಧಾನವಾಗಿ ಹಿಡಿದುಕೊಂಡು ಬಣ್ಣ ಮಾಸುವಂತೆ ಮಾಡುತ್ತವೆ, ಲೆಕ್ಕ ಕೆಡುತ್ತದೆ.